ಸ್ಮಾರ್ಟ್‌ಫೋನ್ ಕೊಳ್ಳುವಾಗ ತಂತ್ರಾಂಶದ ಬೆಂಬಲ ಮತ್ತು ಯಂತ್ರಾಂಶದ ಬಲ: ತೂಗಿ ನೋಡುವ ಕ್ರಮ

ನನ್ನ ಮೇಜಿನ ಖಾನೆಯಲ್ಲಿ ಒಂದು ಹಳೆಯ ಫೋನ್ ಇದೆ. ಅದರ ಪರದೆಯ ಮೇಲೆ ಒಂದು ಗೀರೂ ಬಿದ್ದಿಲ್ಲ, ಕ್ಯಾಮೆರಾ ಹಗಲು ಬೆಳಕಿನಲ್ಲಿ ಈಗಲೂ ಸೊಗಸಾದ ಚಿತ್ರ ತೆಗೆಯುತ್ತದೆ, ಬೆಳಿಗ್ಗೆ ಚಾರ್ಜ್ ಮಾಡಿದರೆ ಸಂಜೆಯವರೆಗೆ ಬಾಳುತ್ತದೆ. ಆದರೆ ಸೆಟ್ಟಿಂಗ್ಸ್ ತೆರೆದು, ಫೋನ್ ಕುರಿತ ಮಾಹಿತಿಯಿರುವ ಪುಟಕ್ಕೆ ಹೋಗಿ, ಆಂಡ್ರಾಯ್ಡ್ ಆವೃತ್ತಿಯ ಮೇಲೆ ಬೆರಳಿಟ್ಟರೆ ಅಲ್ಲಿ ಕಾಣುವ ಭದ್ರತಾ ಅಪ್‌ಡೇಟ್‌ನ ದಿನಾಂಕ ನಾಲ್ಕು ವರ್ಷಗಳಷ್ಟು ಹಿಂದಿನದು. ಒಂದು ದಿನ ಬ್ಯಾಂಕಿನ ಆ್ಯಪ್ ಈ ಸಾಧನದಲ್ಲಿ ಇನ್ನು ಮುಂದೆ ಕೆಲಸ ಮಾಡುವುದಿಲ್ಲ ಎಂದು ತಿಳಿಸಿತು, ಅಂದಿನಿಂದ ಆ ಫೋನ್ ಖಾನೆ ಸೇರಿತು. ಅದನ್ನು ಕೊಳ್ಳುವ ಮುಂಚೆ ನಾನು ಮೆಗಾಪಿಕ್ಸೆಲ್, ರ‍್ಯಾಮ್, ಬ್ಯಾಟರಿಯ ಗಾತ್ರ ಎಲ್ಲವನ್ನೂ ಸಾಲಾಗಿ ಬರೆದುಕೊಂಡು ಹೋಲಿಸಿದ್ದೆ. ಎಲ್ಲಿಯವರೆಗೆ ಅಪ್‌ಡೇಟ್ ಬರುತ್ತದೆ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಅನುಭವವೂ ಆಗಿದೆ. ಮನೆಯವರೊಬ್ಬರ ಫೋನಿಗೆ ಅಪ್‌ಡೇಟ್‌ಗಳು ತಪ್ಪದೆ ಬರುತ್ತಿದ್ದವು, ಆದರೆ ಅದರ ರ‍್ಯಾಮ್ ಕಡಿಮೆ, ಒಳಗಿನ ಸ್ಟೋರೇಜ್ ನಿಧಾನ. ಮೂರನೆಯ ದೊಡ್ಡ ಅಪ್‌ಡೇಟ್ ಆದ ಮೇಲೆ ಸಂದೇಶ ಬರೆಯಲು ಒತ್ತಿದರೆ ಕೀಬೋರ್ಡ್ ಮೇಲೇಳುವಷ್ಟರಲ್ಲಿ ಬರೆಯಬೇಕೆಂದುಕೊಂಡ ಮಾತೇ ಮರೆತುಹೋಗುತ್ತಿತ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಸ್ಥಿತಿ ಫೋನಿನಲ್ಲಿಯೂ ಬರುತ್ತದೆ. ಹಾಗಾಗಿ ತಂತ್ರಾಂಶದ (ಸಾಫ್ಟ್‌ವೇರ್) ಬೆಂಬಲ ಮೇಲೋ ಯಂತ್ರಾಂಶ (ಹಾರ್ಡ್‌ವೇರ್) ಮೇಲೋ ಎಂದು ವಾದಿಸುವುದಕ್ಕಿಂತ, ಬೆಂಬಲವನ್ನು ಒಂದು ನಿರ್ದಿಷ್ಟ ದಿನಾಂಕವಾಗಿ ಬರೆದುಕೊಂಡು, ಆ ದಿನಾಂಕದವರೆಗೆ ಈ ಯಂತ್ರ ದುಡಿಯಬಲ್ಲದೇ ಎಂದು ಪರೀಕ್ಷಿಸುವುದೇ ಸರಿಯಾದ ದಾರಿ ಎಂಬುದು ನನ್ನ ನಿಲುವು. ಕೆಳಗಿನ ಹೆಜ್ಜೆಗಳು ಆ ಕ್ರಮದಲ್ಲಿಯೇ ಇವೆ.

ಹೆಜ್ಜೆ 1: ಎಷ್ಟು ವರ್ಷ ಬಳಸುತ್ತೀರಿ ಎಂದು ಮೊದಲು ತೀರ್ಮಾನಿಸಿ

ಮಾದರಿಗಳ ಪಟ್ಟಿಯನ್ನು ನೋಡುವ ಮೊದಲು ಒಂದು ಹಾಳೆಯ ಮೇಲೆ ಒಂದು ಅಂಕಿ ಬರೆಯಿರಿ. ಅದು ನೀವು ಬಯಸುವ ವರ್ಷಗಳ ಸಂಖ್ಯೆಯಲ್ಲ, ಹಿಂದಿನ ಎರಡು ಫೋನ್‌ಗಳನ್ನು ನೀವು ನಿಜವಾಗಿ ಬಳಸಿದ ವರ್ಷಗಳ ಸರಾಸರಿಯಾಗಿರಲಿ. ಫೋನನ್ನು ಆಮೇಲೆ ಮನೆಯಲ್ಲಿ ಇನ್ನೊಬ್ಬರಿಗೆ ಕೊಡುವ ರೂಢಿಯಿದ್ದರೆ ಅವರು ಬಳಸುವ ವರ್ಷಗಳನ್ನೂ ಸೇರಿಸಬೇಕು. ಬಹಳಷ್ಟು ಮಂದಿ ಮರೆಯುವುದು ಇದನ್ನೇ. ಎರಡು ವರ್ಷಕ್ಕೆ ಬದಲಿಸುವವರ ಲೆಕ್ಕ ಬೇರೆ, ಐದು ವರ್ಷ ಇಟ್ಟುಕೊಳ್ಳುವವರ ಲೆಕ್ಕ ಬೇರೆ. ಮುಂದಿನ ಎಲ್ಲ ತೀರ್ಮಾನಗಳೂ ಈ ಅಂಕಿಯ ಮೇಲೆಯೇ ನಿಲ್ಲುತ್ತವೆ.

ಹೆಜ್ಜೆ 2: ‘ಅಪ್‌ಡೇಟ್’ ಎಂಬ ಒಂದೇ ಪದದ ಒಳಗಿರುವ ಬೇರೆ ಬೇರೆ ವಿಷಯಗಳನ್ನು ಬಿಡಿಸಿಕೊಳ್ಳಿ

ಜಾಹೀರಾತಿನಲ್ಲಿ ಅಪ್‌ಡೇಟ್ ಎಂಬುದು ಒಂದೇ ಪದ, ಆದರೆ ಅದರೊಳಗೆ ಕನಿಷ್ಠ ಮೂರು ಬಗೆಗಳಿವೆ. ಮೊದಲನೆಯದು ಕಾರ್ಯಾಚರಣ ವ್ಯವಸ್ಥೆಯ ಹೊಸ ಆವೃತ್ತಿ, ಅಂದರೆ ಆಂಡ್ರಾಯ್ಡ್ 15ರಿಂದ 16ಕ್ಕೆ ಏರುವಂಥದ್ದು. ಎರಡನೆಯದು ಭದ್ರತಾ ಪ್ಯಾಚ್, ಅಂದರೆ ಪತ್ತೆಯಾದ ದೋಷಗಳನ್ನು ಮುಚ್ಚುವ ಚಿಕ್ಕ ತಿದ್ದುಪಡಿ. ಮೂರನೆಯದು ಗೂಗಲ್ ಪ್ಲೇ ಮೂಲಕ ನೇರವಾಗಿ ಬರುವ, ವ್ಯವಸ್ಥೆಯ ಕೆಲವು ಬಿಡಿಭಾಗಗಳ ಅಪ್‌ಡೇಟ್. ಈ ಮೂರನೆಯ ಏರ್ಪಾಡು 2019ರಲ್ಲಿ ಆಂಡ್ರಾಯ್ಡ್ 10ರೊಡನೆ ಪ್ರಾಜೆಕ್ಟ್ ಮೇನ್‌ಲೈನ್ ಎಂಬ ಹೆಸರಿನಲ್ಲಿ ಬಂದಿತು. ತಯಾರಕರು ಕೈಬಿಟ್ಟ ಮೇಲೆಯೂ ಇದು ಕೆಲಕಾಲ ಬರುತ್ತಿರುವುದರಿಂದ, ಫೋನ್ ಸುರಕ್ಷಿತವಾಗಿಯೇ ಇದೆ ಎಂದು ಭಾವಿಸುವವರಿದ್ದಾರೆ. ಅದು ಅರ್ಧ ಸತ್ಯ ಮಾತ್ರ. ವ್ಯವಸ್ಥೆಯ ತಿರುಳಾದ ಕರ್ನಲ್, ಮೊಬೈಲ್ ಜಾಲಕ್ಕೆ ಜೋಡಿಸುವ ಮೋಡೆಮ್, ಚಿತ್ರ ಮೂಡಿಸುವ ಬಿಡಿಭಾಗವನ್ನು ನಡೆಸುವ ಗ್ರಾಫಿಕ್ಸ್ ಡ್ರೈವರ್‌ಗಳಂಥ ಆಳದ ಪದರಗಳಲ್ಲಿರುವ ದೋಷಗಳಿಗೆ ತಯಾರಕರ ಪ್ಯಾಚ್ ಬೇಕೇ ಬೇಕು.

ನಿಮ್ಮ ನಿತ್ಯದ ಬದುಕಿಗೆ ಈ ಮೂರರಲ್ಲಿ ಹೆಚ್ಚು ಮುಖ್ಯವಾದದ್ದು ಎರಡನೆಯದು. 2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬೆಳಕಿಗೆ ಬಂದಾಗ, ಒಂದು ಮಲ್ಟಿಮೀಡಿಯಾ ಸಂದೇಶ ಕಳಿಸಿಯೇ ಫೋನಿನೊಳಗೆ ನುಸುಳಬಹುದು ಎಂಬುದು ಜಗತ್ತಿಗೆ ತಿಳಿಯಿತು. ಗೂಗಲ್ ಪ್ರತಿ ತಿಂಗಳೂ ಭದ್ರತಾ ಪ್ರಕಟಣೆ ಹೊರಡಿಸುವ ಪದ್ಧತಿಯನ್ನು ಆರಂಭಿಸಿದ್ದು ಅದರ ಬೆನ್ನಿಗೇ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ: ಪ್ರಕಟಣೆ ಹೊರಬಿದ್ದ ದಿನವೇ ದೋಷದ ವಿವರ ಎಲ್ಲರಿಗೂ ಸಿಗುತ್ತದೆ. ಪ್ಯಾಚ್ ಬರುವ ಫೋನಿಗೆ ಅದು ರಕ್ಷಣೆಯಾದರೆ, ಪ್ಯಾಚ್ ನಿಂತ ಫೋನಿಗೆ ಅದೇ ಪ್ರಕಟಣೆ ಎಲ್ಲಿ ಬಾಗಿಲು ತೆರೆದಿದೆ ಎಂದು ಊರಿಗೆಲ್ಲ ಸಾರಿದಂತೆ.

ಹೊಸ ಆವೃತ್ತಿ ಬರುವುದು ನಿಂತರೆ ತೊಂದರೆ ನಿಧಾನವಾಗಿ ಬರುತ್ತದೆ, ಆದರೆ ಬಂದೇ ಬರುತ್ತದೆ. ಕ್ರೋಮ್ ಬ್ರೌಸರ್ ತನ್ನ 120ನೆಯ ಆವೃತ್ತಿಯಿಂದ ಆಂಡ್ರಾಯ್ಡ್ 7ನ್ನು ಕೈಬಿಟ್ಟಿತು. 2025ರಲ್ಲಿ 139ನೆಯ ಆವೃತ್ತಿಯಿಂದ ಆಂಡ್ರಾಯ್ಡ್ 8 ಮತ್ತು 9 ಕೂಡ ಹೊರಗುಳಿದವು. ಹಣದ ವ್ಯವಹಾರದ ಆ್ಯಪ್‌ಗಳು ಇನ್ನೂ ಬಿಗಿ. ಫೋನ್ ನಂಬಿಕೆಗೆ ಅರ್ಹವೇ ಎಂದು ಆ್ಯಪ್‌ಗಳು ಪರೀಕ್ಷಿಸಲು ಗೂಗಲ್ ಒದಗಿಸಿರುವ ಪ್ಲೇ ಇಂಟೆಗ್ರಿಟಿ ಎಂಬ ವ್ಯವಸ್ಥೆಯಲ್ಲಿ, ಆಂಡ್ರಾಯ್ಡ್ 13 ಮತ್ತು ಅದರ ಮೇಲಿನ ಆವೃತ್ತಿಗಳಿರುವ ಫೋನಿಗೆ ಅತ್ಯುನ್ನತ ದರ್ಜೆ ಸಿಗಬೇಕಾದರೆ ಕಳೆದ ಒಂದು ವರ್ಷದೊಳಗೆ ಭದ್ರತಾ ಪ್ಯಾಚ್ ಬಂದಿರಲೇಬೇಕು ಎಂಬ ನಿಯಮ 2025ರಿಂದ ಜಾರಿಯಲ್ಲಿದೆ. ಆ ದರ್ಜೆಯನ್ನು ಕಡ್ಡಾಯ ಮಾಡಬೇಕೇ ಬೇಡವೇ ಎಂಬುದು ಆಯಾ ಆ್ಯಪ್‌ನವರ ನಿರ್ಧಾರ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಸ್ಪಷ್ಟ.

ಹೆಜ್ಜೆ 3: ಭರವಸೆಯನ್ನು ದಿನಾಂಕವಾಗಿ ಬದಲಿಸಿ

ಇದು ಇಡೀ ಕೆಲಸದ ತಿರುಳು, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡೋಣ. “ಏಳು ವರ್ಷ ಅಪ್‌ಡೇಟ್” ಎಂದು ಬರೆದಿದ್ದರೆ ಅದನ್ನು ಎಣಿಸುವುದು ನೀವು ಕೊಂಡ ದಿನದಿಂದಲ್ಲ. ಸಾಮಾನ್ಯವಾಗಿ ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ. 2023ರ ಅಕ್ಟೋಬರ್‌ನಲ್ಲಿ ಬಂದ ಪಿಕ್ಸೆಲ್ 8ಕ್ಕೆ ಗೂಗಲ್ ಏಳು ವರ್ಷಗಳ ಭರವಸೆ ಕೊಟ್ಟಿತು, ಅಂದರೆ 2030ರ ಅಕ್ಟೋಬರ್‌ವರೆಗೆ. ರಿಯಾಯಿತಿಯ ಆಸೆಗೆ ಎರಡು ವರ್ಷ ಕಾದು ಅದೇ ಫೋನ್ ಕೊಂಡವರಿಗೆ ಉಳಿದದ್ದು ಐದೇ ವರ್ಷ. 2024ರ ಜನವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಸರಣಿಗೂ ಏಳು ಆವೃತ್ತಿಗಳ ಮತ್ತು ಏಳು ವರ್ಷ ಭದ್ರತಾ ಅಪ್‌ಡೇಟ್‌ಗಳ ಭರವಸೆ ಇದೆ. ದುಬಾರಿ ಫೋನಿಗೆ ಮಾತ್ರ ದೀರ್ಘ ಬೆಂಬಲ ಎಂಬ ಭಾವನೆಯನ್ನೂ ಬಿಡಬೇಕು; ಅದೇ ಕಂಪನಿಯ ಕೆಳಸ್ತರದ ಗ್ಯಾಲಕ್ಸಿ ಎ16 5ಜಿ ಆರು ವರ್ಷಗಳ ಭರವಸೆಯೊಡನೆ ಬಂದಿತು. ಯುರೋಪಿನ ಫೇರ್‌ಫೋನ್ 2023ರಲ್ಲಿ ತನ್ನ ಐದನೆಯ ಮಾದರಿಗೆ 2031ರವರೆಗೆ ಬೆಂಬಲ ಕೊಡುವುದಾಗಿ ಹೇಳಿತು.

ಆ್ಯಪಲ್‌ನ ವಿಷಯದಲ್ಲಿ ಭರವಸೆಯ ಮಾತಿಗಿಂತ ನಡೆದು ಬಂದ ದಾಖಲೆಯೇ ಹೆಚ್ಚು ಹೇಳುತ್ತದೆ. 2015ರ ಐಫೋನ್ 6ಎಸ್, ಐಫೋನಿನ ಕಾರ್ಯಾಚರಣ ವ್ಯವಸ್ಥೆಯಾದ ಐಓಎಸ್‌ನ 9ನೆಯ ಆವೃತ್ತಿಯಿಂದ 15ರವರೆಗೆ ಏರಿತು. 2018ರ ಐಫೋನ್ ಎಕ್ಸ್‌ಎಸ್ ಐಓಎಸ್ 12ರಿಂದ 18ರವರೆಗೆ ಬಂದು, 18ರ ನೇರ ಮುಂದಿನ ಆವೃತ್ತಿಯಾದ 2025ರ ಐಓಎಸ್ 26ರಲ್ಲಿ ಹೊರಗುಳಿಯಿತು. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲಿಯೂ ಒಂದು ಭದ್ರತಾ ಅಪ್‌ಡೇಟ್ ಬಂದಿತು.

ಭರವಸೆಯನ್ನು ಓದುವಾಗ ಪದಗಳನ್ನು ಬಿಡಿಬಿಡಿಯಾಗಿ ನೋಡಬೇಕು. ವರ್ಷಗಳ ಲೆಕ್ಕ ಕೊಟ್ಟಿದ್ದಾರೆಯೇ, ಆವೃತ್ತಿಗಳ ಲೆಕ್ಕ ಕೊಟ್ಟಿದ್ದಾರೆಯೇ? ಹೊಸ ಫೋನ್ ಒಂದು ಆವೃತ್ತಿ ಹಳೆಯದಾದ ಆಂಡ್ರಾಯ್ಡ್‌ನೊಡನೆ ಬಂದಿದ್ದರೆ, “ಎರಡು ಆವೃತ್ತಿ”ಗಳಲ್ಲಿ ಒಂದು ಈಗಿನ ಮಟ್ಟಕ್ಕೆ ತರುವುದಕ್ಕೇ ಖರ್ಚಾಗುತ್ತದೆ, ನಿಜಕ್ಕೂ ಕೈಗೆ ಸಿಗುವುದು ಒಂದೇ. “ವರೆಗೆ” ಎಂಬ ಪದವಿದ್ದರೆ ಅದು ಗರಿಷ್ಠ ಮಿತಿ, ಕನಿಷ್ಠ ಭರವಸೆಯಲ್ಲ. ಭದ್ರತಾ ಪ್ಯಾಚ್ ಪ್ರತಿ ತಿಂಗಳೂ ಬರುತ್ತದೆಯೋ ಮೂರು ತಿಂಗಳಿಗೊಮ್ಮೆಯೋ ಎಂಬುದು ಸಣ್ಣಕ್ಷರಗಳಲ್ಲಿರುತ್ತದೆ. ಹಲವು ತಯಾರಕರು ಮೊದಲ ವರ್ಷಗಳಲ್ಲಿ ತಿಂಗಳಿಗೊಮ್ಮೆ ಕೊಟ್ಟು, ಫೋನ್ ಹಳೆಯದಾದಂತೆ ಅಂತರ ಹೆಚ್ಚಿಸುತ್ತಾರೆ. ಅದು ಮೋಸವಲ್ಲ, ಆದರೆ ಕೊಳ್ಳುವ ಮುಂಚೆಯೇ ತಿಳಿದಿರಬೇಕಾದ ಸಂಗತಿ.

ಮಾತು ಬೇರೆ, ನಡತೆ ಬೇರೆ ಇರಬಹುದಲ್ಲ ಎಂಬ ಸಂಶಯಕ್ಕೆ ನಾನು ಬಳಸುವ ಪರೀಕ್ಷೆಯೊಂದಿದೆ. ನೀವು ಕೊಳ್ಳಬೇಕೆಂದಿರುವ ಫೋನಿನ ಅದೇ ಸರಣಿಯಲ್ಲಿ ಎರಡು ಅಥವಾ ಮೂರು ವರ್ಷ ಹಿಂದೆ ಬಂದ ಮಾದರಿಯನ್ನು ಬಳಸುತ್ತಿರುವ ಯಾರನ್ನಾದರೂ ಹುಡುಕಿ, ಅವರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭದ್ರತಾ ಪ್ಯಾಚ್‌ನ ದಿನಾಂಕ ನೋಡಿ. ಒಂದೆರಡು ತಿಂಗಳ ಹಿಂದಿನದಾಗಿದ್ದರೆ ಆ ಕಂಪನಿ ಮಾತಿಗೆ ನಿಲ್ಲುತ್ತಿದೆ ಎಂದರ್ಥ. ಬೆಂಬಲದ ಅವಧಿ ಇನ್ನೂ ಮುಗಿಯದಿದ್ದರೂ ದಿನಾಂಕ ಎಂಟು ತಿಂಗಳು ಹಿಂದೆ ಬಿದ್ದಿದ್ದರೆ, ಹೊಸ ಮಾದರಿಯ ಪೆಟ್ಟಿಗೆಯ ಮೇಲೆ ಎಷ್ಟೇ ವರ್ಷ ಬರೆದಿರಲಿ, ನಾನು ಅದನ್ನು ಅರ್ಧಕ್ಕೆ ಇಳಿಸಿಯೇ ಲೆಕ್ಕ ಹಾಕುತ್ತೇನೆ.

ಈಗ ಕಾನೂನುಗಳೂ ನೆರವಿಗೆ ಬಂದಿವೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ, ಭದ್ರತಾ ಅಪ್‌ಡೇಟ್ ಕನಿಷ್ಠ ಎಷ್ಟು ಕಾಲ ಸಿಗುತ್ತದೆ ಎಂಬುದನ್ನು ತಯಾರಕರು ಬಹಿರಂಗಪಡಿಸಲೇಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನ್‌ಗಳಿಗೆ ಇನ್ನೂ ಕಟ್ಟುನಿಟ್ಟಿನ ನಿಯಮವಿದೆ: ಆ ಮಾದರಿಯ ಕೊನೆಯ ಫೋನನ್ನು ಮಾರುಕಟ್ಟೆಗೆ ಬಿಟ್ಟ ದಿನದಿಂದ ಎಣಿಸಿದರೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು, ಮುಖ್ಯ ಬಿಡಿಭಾಗಗಳು ಏಳು ವರ್ಷ ದೊರೆಯಬೇಕು. ಜೊತೆಗೆ ಬ್ಯಾಟರಿಯ ಬಾಳಿಕೆ, ಬಿದ್ದರೆ ತಾಳುವ ಶಕ್ತಿ, ದುರಸ್ತಿಯ ಸುಲಭತೆ ಇವುಗಳ ದರ್ಜೆ ತೋರಿಸುವ ಚೀಟಿಯೂ ಇರಬೇಕು. ಈ ಮಾಹಿತಿಯನ್ನು ಒಕ್ಕೂಟದ ಇಪಿಆರ್‌ಇಎಲ್ ಎಂಬ ಸಾರ್ವಜನಿಕ ದತ್ತಸಂಚಯದಲ್ಲಿ ಯಾರು ಬೇಕಾದರೂ ನೋಡಬಹುದು. ನೀವು ಬೇರೆ ದೇಶದಲ್ಲಿ ಕೊಳ್ಳುವವರಾದರೂ ಅದೇ ಮಾದರಿ ಅಲ್ಲಿದ್ದರೆ ಒಮ್ಮೆ ನೋಡಿ. ಆದರೆ ಒಂದೇ ಹೆಸರಿನ ಫೋನ್ ಬೇರೆ ಬೇರೆ ಪ್ರದೇಶಗಳಲ್ಲಿ ಬೇರೆ ಚಿಪ್‌ನೊಡನೆ ಅಥವಾ ಬೇರೆ ಅಪ್‌ಡೇಟ್ ನೀತಿಯೊಡನೆ ಮಾರಾಟವಾಗುವುದುಂಟು, ಆದ್ದರಿಂದ ಮಾದರಿಯ ಸಂಕೇತ ಸಂಖ್ಯೆಯನ್ನೂ ತಾಳೆ ನೋಡಿ.

ಈ ಹೆಜ್ಜೆ ಮುಗಿಯುವಾಗ ನಿಮ್ಮ ಹಾಳೆಯಲ್ಲಿ ಪ್ರತಿ ಮಾದರಿಯ ಮುಂದೆ ಒಂದು ತಿಂಗಳು ಮತ್ತು ವರ್ಷ ಇರಬೇಕು. ಇಂದಿನಿಂದ ಆ ದಿನಾಂಕದವರೆಗಿನ ವರ್ಷಗಳು ಮೊದಲ ಹೆಜ್ಜೆಯ ಅಂಕಿಗಿಂತ ಕಡಿಮೆಯಿದ್ದರೆ ಆ ಮಾದರಿಯನ್ನು ಹೊಡೆದುಹಾಕಿ. ಅದರ ಕ್ಯಾಮೆರಾ ಎಷ್ಟೇ ಮನಸೆಳೆದರೂ ಸರಿ.

ಹೆಜ್ಜೆ 4: ಚಿಪ್ ಯಾರದು ಎಂದು ನೋಡಿ

ಆಂಡ್ರಾಯ್ಡ್ ಫೋನಿಗೆ ಬರುವ ಅಪ್‌ಡೇಟ್ ಮೂರು ಕೈ ದಾಟಿ ಬರುತ್ತದೆ. ಗೂಗಲ್ ಆಂಡ್ರಾಯ್ಡ್‌ನ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಬಿಡುಗಡೆ ಮಾಡಿದ ಮೇಲೆ ಚಿಪ್ ತಯಾರಕರು ತಮ್ಮ ಡ್ರೈವರ್‌ಗಳನ್ನು ಅದಕ್ಕೆ ಹೊಂದಿಸಬೇಕು, ಆಮೇಲೆ ಫೋನ್ ತಯಾರಕರು ತಮ್ಮ ಬದಲಾವಣೆಗಳನ್ನು ಸೇರಿಸಿ ಪರೀಕ್ಷಿಸಬೇಕು. ನಡುವಿನವರು ಕೈಚೆಲ್ಲಿದರೆ ಫೋನ್ ತಯಾರಕರಿಗೆ ಮನಸ್ಸಿದ್ದರೂ ದಾರಿ ಬಹಳ ಕಠಿಣ. ಈ ಪದರಗಳನ್ನು ಬೇರ್ಪಡಿಸಿ ಕೆಲಸ ಹಗುರ ಮಾಡಲು 2017ರಲ್ಲಿ ಆಂಡ್ರಾಯ್ಡ್ 8ರೊಡನೆ ಪ್ರಾಜೆಕ್ಟ್ ಟ್ರೆಬಲ್ ಬಂದಿತು. 2020ರ ಡಿಸೆಂಬರ್‌ನಲ್ಲಿ ಚಿಪ್ ತಯಾರಕ ಕಂಪನಿ ಕ್ವಾಲ್‌ಕಾಂ ಮತ್ತು ಗೂಗಲ್ ಸೇರಿ ಮೂರು ಆವೃತ್ತಿಗಳು ಹಾಗೂ ನಾಲ್ಕು ವರ್ಷಗಳ ಭದ್ರತೆಗೆ ಬೇಕಾದ ಬೆಂಬಲವನ್ನು ಘೋಷಿಸಿದವು. 2025ರಲ್ಲಿ ಕ್ವಾಲ್‌ಕಾಂನ ಸ್ನ್ಯಾಪ್‌ಡ್ರ್ಯಾಗನ್ 8 ಎಲೀಟ್ ಚಿಪ್‌ನಿಂದ ಮೊದಲುಗೊಂಡು ಅದು ಎಂಟು ವರ್ಷಗಳವರೆಗೆ ಬೆಳೆಯಿತು. ಫೇರ್‌ಫೋನ್ 5 ತನ್ನ ದೀರ್ಘ ಬೆಂಬಲಕ್ಕಾಗಿ ಸಾಮಾನ್ಯ ಫೋನ್ ಚಿಪ್ ಬಿಟ್ಟು, ಕೈಗಾರಿಕಾ ಸಾಧನಗಳಿಗೆಂದು ತಯಾರಾದ ಕ್ವಾಲ್‌ಕಾಂ ಚಿಪ್ ಆರಿಸಿಕೊಂಡಿದ್ದು ಇದೇ ಕಾರಣಕ್ಕೆ. ಕೊಳ್ಳುವವರಿಗೆ ಇದರಿಂದ ಸಿಗುವ ಪಾಠ ನೇರವಾದದ್ದು: ಹೊಸ ಫೋನಿನೊಳಗೆ ಮೂರು ವರ್ಷ ಹಳೆಯ ಚಿಪ್ ಇದ್ದರೆ ಉದ್ದದ ಭರವಸೆಯನ್ನು ಎಚ್ಚರದಿಂದ ಓದಿ.

ಹೆಜ್ಜೆ 5: ಆಮೇಲೆ ಬದಲಿಸಲಾಗದ ಯಂತ್ರಾಂಶಕ್ಕೆ ಧಾರಾಳವಾಗಿ ಖರ್ಚು ಮಾಡಿ

ಇಲ್ಲಿಂದ ಯಂತ್ರಾಂಶದ ಸರದಿ. ಯಂತ್ರಾಂಶದ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಬೇಡಿ. ಯಾವುದನ್ನು ಮುಂದೆ ಬದಲಿಸಲು ಸಾಧ್ಯ, ಯಾವುದನ್ನು ಸಾಧ್ಯವಿಲ್ಲ ಎಂದು ಎರಡು ರಾಶಿ ಮಾಡಿ. ರ‍್ಯಾಮ್, ಒಳಗಿನ ಸ್ಟೋರೇಜ್, ಪ್ರೊಸೆಸರ್, ಮೋಡೆಮ್ ಹಿಡಿಯುವ ತರಂಗಾಂತರಗಳು, ತಾಗಿಸಿ ಹಣ ಪಾವತಿಸಲು ಬೇಕಾದ ಎನ್‌ಎಫ್‌ಸಿ, ಕಾರ್ಡ್ ಇಲ್ಲದ ಇ-ಸಿಮ್ ಇವೆಲ್ಲ ಕೊಂಡ ದಿನ ಹೇಗಿದ್ದವೋ ಕೊನೆಯವರೆಗೂ ಹಾಗೆಯೇ ಇರುತ್ತವೆ.

ಇವುಗಳಲ್ಲಿ ರ‍್ಯಾಮ್ ಎಷ್ಟು ನಿರ್ಣಾಯಕ ಎಂಬುದಕ್ಕೆ ಎರಡು ಉದಾಹರಣೆಗಳಿವೆ. 2024ರಲ್ಲಿ ಐಓಎಸ್ 18 ಬಂದಾಗ ಕೇವಲ ಒಂದು ವರ್ಷದ ಹಿಂದಿನ ಐಫೋನ್ 15ಕ್ಕೂ ಅದು ಬಂದಿತು, ಆದರೆ ಆ ಆವೃತ್ತಿಯ ದೊಡ್ಡ ಆಕರ್ಷಣೆಯಾಗಿದ್ದ ಆ್ಯಪಲ್ ಇಂಟೆಲಿಜೆನ್ಸ್ ಎಂಬ ಕೃತಕ ಬುದ್ಧಿಮತ್ತೆಯ ಸೌಲಭ್ಯಗಳು ಬರಲಿಲ್ಲ. 8 ಜಿಬಿ ರ‍್ಯಾಮ್ ಇದ್ದ 15 ಪ್ರೊಗೆ ಸಿಕ್ಕಿತು, 6 ಜಿಬಿಯ 15ಕ್ಕೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗೂಗಲ್ ಕೂಡ ಫೋನಿನೊಳಗೇ ಓಡುವ ಜೆಮಿನೈ ನ್ಯಾನೊ ಎಂಬ ಕೃತಕ ಬುದ್ಧಿಮತ್ತೆಯ ಮಾದರಿಯನ್ನು 2023ರ ಡಿಸೆಂಬರ್‌ನಲ್ಲಿ 12 ಜಿಬಿಯ ಪಿಕ್ಸೆಲ್ 8 ಪ್ರೊಗೆ ಕೊಟ್ಟು, 8 ಜಿಬಿಯ ಪಿಕ್ಸೆಲ್ 8ಕ್ಕೆ ಯಂತ್ರಾಂಶದ ಮಿತಿಯ ಕಾರಣ ಹೇಳಿ ಮೊದಲು ನಿರಾಕರಿಸಿತು. ಆಕ್ಷೇಪಗಳು ಬಂದ ಮೇಲೆ ಡೆವಲಪರ್‌ಗಳಿಗೆಂದಿರುವ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳುವ ಆಯ್ಕೆಯಾಗಿ ಒದಗಿಸಿತು. ಅಂದರೆ ಆವೃತ್ತಿಯ ಸಂಖ್ಯೆ ಏರುತ್ತದೆ ಎಂಬುದೂ ಆ ಆವೃತ್ತಿಯ ಎಲ್ಲ ಸೌಲಭ್ಯ ಸಿಗುತ್ತದೆ ಎಂಬುದೂ ಒಂದೇ ಅಲ್ಲ. ಐದು ವರ್ಷ ಅಥವಾ ಹೆಚ್ಚು ಬಳಸುವವರು 8 ಜಿಬಿಗಿಂತ ಕಡಿಮೆ ರ‍್ಯಾಮ್ ಇರುವ ಆಂಡ್ರಾಯ್ಡ್ ಫೋನ್ ಕೊಳ್ಳಬಾರದು ಎಂಬುದು ನನ್ನ ಸಲಹೆ. ಸ್ಟೋರೇಜ್‌ನ ಒಂದು ಭಾಗವನ್ನೇ ಬಳಸಿಕೊಳ್ಳುವ “ವಿಸ್ತರಿಸಿದ ರ‍್ಯಾಮ್” ಅಥವಾ “ವರ್ಚುವಲ್ ರ‍್ಯಾಮ್” ಎಂಬುದನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ. ನಿಜವಾದ ರ‍್ಯಾಮ್‌ನ ವೇಗ ಅದಕ್ಕಿಲ್ಲ.

ಸ್ಟೋರೇಜ್‌ನಲ್ಲಿ ಪ್ರಮಾಣದಷ್ಟೇ ಬಗೆಯೂ ಮುಖ್ಯ. ಅಗ್ಗದ ಫೋನ್‌ಗಳಲ್ಲಿ ಇಎಂಎಂಸಿ ಎಂಬ ಹಳೆಯ ಬಗೆ ಇರುತ್ತದೆ, ಉಳಿದವುಗಳಲ್ಲಿ ಯುಎಫ್‌ಎಸ್. ಇಎಂಎಂಸಿ ಒಂದು ಹೊತ್ತಿಗೆ ಓದುವುದನ್ನೋ ಬರೆಯುವುದನ್ನೋ ಮಾತ್ರ ಮಾಡುತ್ತದೆ, ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡಬಲ್ಲದು. ಹಿನ್ನೆಲೆಯಲ್ಲಿ ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುವಾಗ ಫೋನ್ ಮುಂದುವರಿಯದೆ ನಿಂತುಬಿಡುವುದಕ್ಕೆ ಬಹಳ ಸಲ ಇದೇ ಕಾರಣ. ನಾನು ಆರಂಭದಲ್ಲಿ ಹೇಳಿದ ಕೀಬೋರ್ಡಿನ ಕಥೆಯೂ ಇದೇ: ಒಳಗೆ 32 ಜಿಬಿಯ ಇಎಂಎಂಸಿ, ಅದರಲ್ಲಿ ಎರಡು ಜಿಬಿಯಷ್ಟೇ ಖಾಲಿ. ಒಂದು ಸಂಜೆ ಕುಳಿತು ಎಂಟು ಜಿಬಿಯಷ್ಟು ವಿಡಿಯೊಗಳನ್ನು ಬೇರೆಡೆಗೆ ಸಾಗಿಸಿದೆವು. ಕೀಬೋರ್ಡ್ ತಕ್ಕಮಟ್ಟಿಗೆ ಚುರುಕಾಯಿತು, ಆದರೆ ಹಳೆಯ ವೇಗ ಮರಳಲಿಲ್ಲ. ಫ್ಲ್ಯಾಶ್ ಸ್ಟೋರೇಜ್ ತುಂಬಿದಷ್ಟೂ ಬರೆಯುವ ವೇಗ ಕುಗ್ಗುವುದರಿಂದ, ಈಗ ಬಳಸುತ್ತಿರುವ ಜಾಗದ ಎರಡರಷ್ಟು ಇರುವ ಮಾದರಿಯನ್ನೇ ಆರಿಸಿ. ಮೆಮೊರಿ ಕಾರ್ಡ್ ಚಿತ್ರಗಳನ್ನು ಇಡಲು ಅನುಕೂಲ, ವೇಗದ ಕೊರತೆಯನ್ನು ಅದು ತುಂಬುವುದಿಲ್ಲ.

ಪ್ರೊಸೆಸರ್ ವಿಷಯದಲ್ಲಿ ನಾನು ಕಡಿಮೆ ಹೇಳುತ್ತೇನೆ. ಮಧ್ಯಮ ದರ್ಜೆಯ ಇತ್ತೀಚಿನ ಚಿಪ್ ಸಾಮಾನ್ಯ ಬಳಕೆಗೆ ಧಾರಾಳವಾಗಿ ಸಾಕು. ವೇಗ ಅಳೆಯುವ ಪರೀಕ್ಷೆಗಳ ಅಂಕಗಳ ಪಟ್ಟಿಯಲ್ಲಿ ಕಾಣುವ ಹತ್ತು ಶೇಕಡಾ ವ್ಯತ್ಯಾಸ ಕೈಯಲ್ಲಿ ಗೊತ್ತಾಗುವುದಿಲ್ಲ.

ಹೆಜ್ಜೆ 6: ಸವೆಯುವ ಭಾಗಗಳ ಬದಲಾವಣೆಗೆ ಮೊದಲೇ ಹಣ ಎತ್ತಿಡಿ

ಲಿಥಿಯಂ ಅಯಾನ್ ಬ್ಯಾಟರಿ ಪ್ರತಿ ಚಾರ್ಜ್‌ಗೂ ತುಸು ತುಸು ಸವೆಯುತ್ತದೆ. ಯುರೋಪಿನ ಹೊಸ ನಿಯಮದಂತೆ 800 ಪೂರ್ಣ ಚಾರ್ಜ್‌ಗಳ ನಂತರವೂ ಕನಿಷ್ಠ 80 ಶೇಕಡಾ ಸಾಮರ್ಥ್ಯ ಉಳಿದಿರಬೇಕು. ದಿನಕ್ಕೊಂದು ಪೂರ್ಣ ಚಾರ್ಜ್ ಎಂದರೆ 800 ಮುಗಿಯಲು ಎರಡು ವರ್ಷಕ್ಕಿಂತ ಸ್ವಲ್ಪವೇ ಹೆಚ್ಚು. ಆದ್ದರಿಂದ ಏಳು ವರ್ಷ ಅಪ್‌ಡೇಟ್ ಸಿಗುವ ಫೋನನ್ನು ಏಳು ವರ್ಷವೂ ಬಳಸಬೇಕೆಂದಿರುವವರು ಒಂದೆರಡು ಸಲವಾದರೂ ಬ್ಯಾಟರಿ ಬದಲಿಸಲು ಸಿದ್ಧರಿರಬೇಕು. ಬ್ಯಾಟರಿ ಸವೆದರೆ ವೇಗಕ್ಕೂ ಪೆಟ್ಟು ಬೀಳಬಹುದು ಎಂಬುದು 2017ರಲ್ಲಿ ಎಲ್ಲರಿಗೂ ತಿಳಿಯಿತು: ಹಳೆಯ ಬ್ಯಾಟರಿಯಿರುವ ಐಫೋನ್‌ಗಳು ಇದ್ದಕ್ಕಿದ್ದಂತೆ ಆರಿಹೋಗದಿರಲೆಂದು ಅವುಗಳ ವೇಗವನ್ನು ತಂತ್ರಾಂಶದ ಮೂಲಕ ಇಳಿಸಿದ್ದಾಗಿ ಆ್ಯಪಲ್ ಒಪ್ಪಿಕೊಂಡಿತು, ಹೊಸ ಬ್ಯಾಟರಿ ಹಾಕಿಸಿದವರಿಗೆ ಮೊದಲಿನ ವೇಗ ಮರಳಿತು.

ಕೊಳ್ಳುವ ಮುಂಚೆ ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ಎರಡು ದರ ಕೇಳಿ ಬರೆದುಕೊಳ್ಳಿ, ಒಂದು ಬ್ಯಾಟರಿಯದು, ಇನ್ನೊಂದು ಪರದೆಯದು. ಅದೇ ತಯಾರಕರ ನಾಲ್ಕು ವರ್ಷ ಹಳೆಯ ಮಾದರಿಗೆ ಈಗ ಬ್ಯಾಟರಿ ಸಿಗುತ್ತದೆಯೇ ಎಂದೂ ಕೇಳಿ. ಈ ಪ್ರಶ್ನೆಗೆ ಬರುವ ಉತ್ತರ ಜಾಹೀರಾತಿಗಿಂತ ಹೆಚ್ಚು ಸತ್ಯವನ್ನು ಹೇಳುತ್ತದೆ.

ಹೆಜ್ಜೆ 7: ಯಂತ್ರಾಂಶವೇ ಗೆಲ್ಲಬೇಕಾದ ಸಂದರ್ಭಗಳನ್ನು ಗುರುತಿಸಿ

ತಂತ್ರಾಂಶದ ದಿನಾಂಕವನ್ನು ನಾನು ಮುಂದಿಟ್ಟರೂ, ಕೆಲವು ಕೊರತೆಗಳನ್ನು ಯಾವ ಅಪ್‌ಡೇಟ್ ಕೂಡ ತುಂಬಲಾರದು. ಮಳೆ, ಧೂಳು, ನೀರಿನ ನಡುವೆ ದುಡಿಯುವವರಿಗೆ ಐಪಿ68 ರಕ್ಷಣೆ ಬೇಕೇ ಬೇಕು. ದೂರದ ದೃಶ್ಯ ಹಿಡಿಯುವುದೇ ಕೆಲಸವಾಗಿದ್ದರೆ ನಿಜವಾದ ಟೆಲಿಫೋಟೊ ಮಸೂರ ಬೇಕು. ವಿದ್ಯುತ್ ಸುಲಭವಾಗಿ ಸಿಗದ ಕಡೆ ದಿನಗಟ್ಟಲೆ ಇರುವವರಿಗೆ ದೊಡ್ಡ ಬ್ಯಾಟರಿಯೇ ಜೀವಾಳ. ದೃಷ್ಟಿ ಮಂದವಾದ ಹಿರಿಯರಿಗೆ ದೊಡ್ಡ, ಬಿಸಿಲಿನಲ್ಲಿಯೂ ಓದಲು ಬರುವ ಪರದೆ ಏಳನೆಯ ವರ್ಷದ ಅಪ್‌ಡೇಟ್‌ಗಿಂತ ಹೆಚ್ಚು ಉಪಯುಕ್ತ. ಇಂಥ ಒಂದು ಅಗತ್ಯ ನಿಮಗಿದ್ದರೆ ಅದನ್ನು ಹಾಳೆಯ ಮೇಲ್ಗಡೆ ಬರೆದು, ಅದನ್ನು ಪೂರೈಸುವ ಮಾದರಿಗಳೊಳಗೆ ಮಾತ್ರ ದಿನಾಂಕಗಳನ್ನು ಹೋಲಿಸಿ. ಆದರೆ ಅಂಥ ಅಗತ್ಯ ಒಂದೋ ಎರಡೋ ಇರಲಿ. ಹತ್ತು ಬರೆದರೆ ಅವು ಅಗತ್ಯಗಳಾಗಿ ಉಳಿಯುವುದಿಲ್ಲ, ಆಸೆಗಳಾಗುತ್ತವೆ.

ಕ್ಯಾಮೆರಾದ ಅಂಕಿಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಜನ ಹೆಚ್ಚು ಎಡವುವುದು ಅಲ್ಲಿಯೇ. 50 ಮೆಗಾಪಿಕ್ಸೆಲ್ ಸಂವೇದಕ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿಸಿ 12.5 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. 200ರ ಸಂವೇದಕ ಹದಿನಾರನ್ನು ಒಂದಾಗಿಸಿ ಅಷ್ಟನ್ನೇ ಕೊಡುತ್ತದೆ. ಸಂವೇದಕದ ಅಳತೆ, ಕೈನಡುಕ ತಡೆಯುವ ಆಪ್ಟಿಕಲ್ ವ್ಯವಸ್ಥೆ ಮತ್ತು ಚಿತ್ರವನ್ನು ಸಂಸ್ಕರಿಸುವ ತಂತ್ರಾಂಶ ಇವು ಮೂರೂ ಆ ಅಂಕಿಗಿಂತ ಮೇಲು. 2018ರ ನವೆಂಬರ್‌ನಲ್ಲಿ ಗೂಗಲ್ ಕತ್ತಲಲ್ಲಿ ಚಿತ್ರ ತೆಗೆಯುವ ನೈಟ್ ಸೈಟ್ ಸೌಲಭ್ಯವನ್ನು 2016ರ ಮೊದಲ ಪಿಕ್ಸೆಲ್‌ಗೂ ಕೊಟ್ಟಿತು. ಎರಡು ವರ್ಷ ಹಳೆಯ ಕ್ಯಾಮೆರಾ, ಒಂದು ಸ್ಕ್ರೂ ಕೂಡ ಬಿಚ್ಚದೆ, ರಾತ್ರಿಯಲ್ಲಿ ಕಣ್ಣು ಪಡೆಯಿತು. ಒಳ್ಳೆಯ ತಂತ್ರಾಂಶದ ಬೆಂಬಲವಿದ್ದರೆ ಕೊಂಡ ಮೇಲೆಯೂ ಯಂತ್ರಾಂಶದ ಬೆಲೆ ಏರಬಲ್ಲದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಹೆಜ್ಜೆ 8: ವರ್ಷದ ಲೆಕ್ಕ ಹಾಕಿ

ಈಗ ಉಳಿದಿರುವ ಎರಡು ಮೂರು ಮಾದರಿಗಳ ಬೆಲೆಗೆ ಬ್ಯಾಟರಿ ಬದಲಿಸುವ ಖರ್ಚು ಸೇರಿಸಿ, ನೀವು ಬಳಸಲಿರುವ ಸುರಕ್ಷಿತ ವರ್ಷಗಳಿಂದ ಭಾಗಿಸಿ. ಒಂದು ಫೋನಿನ ಬೆಲೆ 100 ಪಾಲು, ಬೆಂಬಲ ಆರು ವರ್ಷ, ನಡುವೆ 8 ಪಾಲು ಕೊಟ್ಟು ಬ್ಯಾಟರಿ ಬದಲಾವಣೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 18 ಪಾಲಾಯಿತು. ಇನ್ನೊಂದರ ಬೆಲೆ 60 ಪಾಲು, ಯಂತ್ರಾಂಶದ ಪಟ್ಟಿ ಅದಕ್ಕಿಂತ ಉದ್ದ, ಆದರೆ ಬೆಂಬಲ ಉಳಿದಿರುವುದು ಎರಡೇ ವರ್ಷ. ವರ್ಷಕ್ಕೆ 30 ಪಾಲು. ಅಗ್ಗವಾಗಿ ಕಂಡದ್ದೇ ತುಟ್ಟಿಯಾಯಿತು. ಎರಡು ವರ್ಷಕ್ಕೇ ಬದಲಿಸುವವರಿಗೆ ಈ ಲೆಕ್ಕ ತಿರುವುಮುರುವಾಗುತ್ತದೆ, ಏಕೆಂದರೆ ಅವರಿಗೆ ಮೊದಲ ಫೋನ್ ವರ್ಷಕ್ಕೆ 50 ಪಾಲು. ಆದರೂ ಬೆಂಬಲ ಬಾಕಿಯಿರುವ ಫೋನನ್ನು ಮಾರಿದಾಗ ಮರಳಿ ಬರುವ ಹಣವನ್ನು ಕಳೆದು ನೋಡುವುದು ನ್ಯಾಯ. ಬಳಸಿದ ಫೋನ್ ಕೊಳ್ಳುವವರಿಗೂ ಇದೇ ಸೂತ್ರ. ಮಾರುವವರ ಎದುರಿಗೇ ಭದ್ರತಾ ಪ್ಯಾಚ್‌ನ ದಿನಾಂಕ, ಬ್ಯಾಟರಿಯ ಆರೋಗ್ಯ ಮತ್ತು ಮಾದರಿಯ ಬೆಂಬಲ ಮುಗಿಯುವ ದಿನ ಇವು ಮೂರನ್ನೂ ನೋಡಿಕೊಳ್ಳಿ.

ಬೆಂಬಲ ಮುಗಿದ ಮೇಲೆ

ಬೆಂಬಲ ಮುಗಿದ ಮರುದಿನವೇ ಫೋನ್ ಅಪಾಯಕಾರಿಯಾಗುವುದಿಲ್ಲ, ಆದರೆ ತಿಂಗಳು ಕಳೆದಂತೆ ಮುಚ್ಚದ ದೋಷಗಳು ಸೇರುತ್ತಾ ಹೋಗುತ್ತವೆ. ಹಣದ ವ್ಯವಹಾರ ಮತ್ತು ಮುಖ್ಯ ಇಮೇಲ್ ಖಾತೆಯನ್ನು ಮೊದಲು ಅದರಿಂದ ತೆಗೆಯಿರಿ, ಅಧಿಕೃತ ಮಳಿಗೆಯ ಹೊರಗಿನಿಂದ ಯಾವ ಆ್ಯಪ್ ಅನ್ನೂ ಹಾಕಬೇಡಿ. ಹಾಡು ಕೇಳಲು, ಓದಲು, ಅಲಾರಂಗೆ ಅದು ಇನ್ನೂ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ. ತಾಂತ್ರಿಕ ಕೈಚಳಕವಿರುವವರು ಲಿನಿಯೇಜ್‌ಓಎಸ್‌ನಂಥ ಸ್ವಯಂಸೇವಕರ ಸಮುದಾಯ ಕಟ್ಟಿದ ಕಾರ್ಯಾಚರಣ ವ್ಯವಸ್ಥೆಗಳನ್ನು ಹಾಕಿಕೊಳ್ಳಬಹುದು. ಆದರೆ ಅದಕ್ಕೆ ಫೋನನ್ನು ಆರಂಭಿಸುವ ಬೂಟ್‌ಲೋಡರ್ ತಂತ್ರಾಂಶದ ಬೀಗ ತೆರೆಯಲು ತಯಾರಕರ ಅನುಮತಿಯಿರಬೇಕು, ಚಿಪ್‌ನೊಳಗಿನ ತಂತ್ರಾಂಶದ (ಫರ್ಮ್‌ವೇರ್) ದೋಷಗಳು ಆಗಲೂ ಹಾಗೆಯೇ ಉಳಿಯುತ್ತವೆ, ಹಲವು ಬ್ಯಾಂಕ್ ಆ್ಯಪ್‌ಗಳು ಅಂಥ ಫೋನನ್ನು ಒಪ್ಪುವುದಿಲ್ಲ. ಇನ್ನೊಬ್ಬರಿಗೆ ಕೊಡಲಿರುವ ಫೋನಿಗೆ ನಾನು ಈ ದಾರಿ ಸೂಚಿಸುವುದಿಲ್ಲ.

ಹೊಸ ಫೋನ್ ಮನೆಗೆ ಬಂದ ದಿನ, ರಕ್ಷಣಾ ಗಾಜು ಅಂಟಿಸುವ ಮುಂಚೆಯೇ, ಅದರ ಕ್ಯಾಲೆಂಡರಿನಲ್ಲಿ ಎರಡು ನೆನಪೋಲೆಗಳನ್ನು ಬರೆದಿಡಿ: ಎರಡೂವರೆ ವರ್ಷದ ನಂತರ ಬ್ಯಾಟರಿಯ ಆರೋಗ್ಯ ಪರೀಕ್ಷಿಸಲು ಒಂದು, ಬೆಂಬಲ ಮುಗಿಯುವ ದಿನಾಂಕಕ್ಕೆ ಆರು ತಿಂಗಳು ಮುಂಚೆ ಇನ್ನೊಂದು. ಮುಂದಿನ ಫೋನಿನ ಹುಡುಕಾಟವನ್ನು ಆ ಎರಡನೆಯ ನೆನಪೋಲೆ ಬಂದಾಗ ಆರಂಭಿಸಿದರೆ, ಯಾವ ಆ್ಯಪ್ ಕೂಡ ನಿಮ್ಮನ್ನು ಅವಸರಕ್ಕೆ ತಳ್ಳದೆ, ಮೊದಲ ಹೆಜ್ಜೆಯ ಆ ಖಾಲಿ ಹಾಳೆಯಿಂದ ನೆಮ್ಮದಿಯಾಗಿ ಶುರುಮಾಡಬಹುದು.